ಮಗಳಿಗೊಂದು ಪತ್ರ: ಗೇಣುದ್ದದ ಶಾರ್ಕ್

ಪ್ರೀತಿಯ ಮಗಳೇ,

ನಿನ್ನ ಪ್ರಾಜೆಕ್ಟ್‌ನ ಶಾರ್ಕ್ ಬಗ್ಗೆ "ಕತ್ತಲಲ್ಲಿ ಮೈ ಬೆಳಗಿದರೆ ಶತ್ರುವಿನ ಕಣ್ಣಿಗೆ ಬೇಗ ಬೀಳಲ್ವಾ ಅಮ್ಮಾ?" ಅಂತ ಕೇಳಿದೆಯಲ್ಲ. ತುಂಬಾ ಒಳ್ಳೆಯ ಪ್ರಶ್ನೆ ಅದು. ಫೋನಿನಲ್ಲಿ ಸರಿಯಾಗಿ ಹೇಳೋಕಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನೀನು ಕೇಳಿದ ಡ್ವಾರ್ಫ್ ಲ್ಯಾಂಟರ್ನ್ ಶಾರ್ಕ್ ಹೆಚ್ಚೆಂದರೆ 21 ಸೆಂಟಿಮೀಟರ್ ಬೆಳೆಯುತ್ತದೆ, ಅಂದರೆ ಒಂದು ಗೇಣು, ಅಷ್ಟೇ! ಆದರೂ ಅದು ಪೂರ್ತಿ ಶಾರ್ಕೇ. ಬೆನ್ನಿನ ಎರಡು ರೆಕ್ಕೆಗಳ ಮುಂದೆಯೂ ಒಂದೊಂದು ಮುಳ್ಳಿದೆ. ಕೊಲಂಬಿಯಾ, ವೆನೆಜುವೆಲಾ ಕರಾವಳಿಯಾಚೆ, ಕೆರಿಬಿಯನ್ ಸಮುದ್ರದ ತಳ ಇಳಿಜಾರಾಗುವ ಕಡೆ, 283ರಿಂದ 439 ಮೀಟರ್ ಆಳದಲ್ಲಿ ಸಿಕ್ಕಿದೆ. ವಿಜ್ಞಾನಿಗಳು ಇದಕ್ಕೆ ಹೆಸರಿಟ್ಟಿದ್ದು 1985ರಲ್ಲಿ.

ಈಗ ನಿನ್ನ ಪ್ರಶ್ನೆಗೆ ಬರೋಣ. ಆ ಆಳದಲ್ಲಿ ಹಗಲು ಹೊತ್ತು ಪೂರ್ತಿ ಕತ್ತಲೆ ಇರಲ್ಲ, ಮೇಲಿನಿಂದ ಮಸುಕಾದ ನೀಲಿ ಬೆಳಕು ಚೂರು ಇಳಿಯುತ್ತದೆ. ಕೆಳಗಿರುವ ದೊಡ್ಡ ಮೀನು ತಲೆಯೆತ್ತಿ ನೋಡಿದರೆ, ಆ ಬೆಳಕಿಗೆ ಅಡ್ಡ ಬಂದ ಯಾವುದೇ ಮೈ ಕಪ್ಪಗೆ ಕಾಣುತ್ತದೆ. ಈ ಶಾರ್ಕ್ ತನ್ನ ಹೊಟ್ಟೆಯಲ್ಲಿರುವ ಪುಟ್ಟ ಪುಟ್ಟ ಬೆಳಕಿನ ಅಂಗಗಳಿಂದ ಮೇಲಿನ ಬೆಳಕಿಗೆ ಹೊಂದುವ ಹೊಳಪನ್ನೇ ಕೆಳಕ್ಕೆ ಬಿಡುತ್ತದೆ, ಆಗ ಅದರ ನೆರಳು ಸುತ್ತಲಿನ ನೀರಲ್ಲಿ ಕರಗಿಹೋಗುತ್ತದೆ. ಬೆಳಗುವುದೇ ಅಡಗಿಕೊಳ್ಳುವ ದಾರಿ, ಗೊತ್ತಾಯ್ತಾ? ಇದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಇನ್ನೊಂದು ಸಂಗತಿ ನಿನಗೆ ಇಷ್ಟವಾಗುತ್ತದೆ. ಇದರ ಸಂಬಂಧಿ ವೆಲ್ವೆಟ್ ಬೆಲ್ಲಿ ಶಾರ್ಕ್ ಅನ್ನು ಬೆಲ್ಜಿಯಂನ ವಿಜ್ಞಾನಿಗಳು ಪರೀಕ್ಷಿಸಿದಾಗ, 2009ರಲ್ಲಿ, ಅದರ ಬೆಳಕನ್ನು ಹಾರ್ಮೋನುಗಳು ಹತ್ತಿಸುತ್ತವೆ ಅಂತ ತಿಳಿಯಿತು. ಅದರಲ್ಲೊಂದು ಮೆಲಟೋನಿನ್, ರಾತ್ರಿ ನಮಗೆ ನಿದ್ದೆ ಬರಲು ನೆರವಾಗುವ ಅದೇ ಹಾರ್ಮೋನು! ಅದರಿಂದ ಹೊಳಪು ನಿಧಾನವಾಗಿ ಏರಿ ಬಹಳ ಹೊತ್ತು ಉಳಿಯುತ್ತದೆ. ನಿಧಾನವಾದರೂ ನಡೆಯುತ್ತದೆ, ಯಾಕಂದ್ರೆ ಮೇಲಿನ ಬೆಳಕೂ ಥಟ್ಟನೆ ಬದಲಾಗಲ್ಲ.



ಮರಿಗಳ ವಿಷಯ ನನ್ನನ್ನು ಸ್ವಲ್ಪ ಕಾಡುತ್ತದೆ. ಮೊಟ್ಟೆ ತಾಯಿಯ ಒಡಲಲ್ಲೇ ಒಡೆದು, ಒಂದು ಸಲಕ್ಕೆ ಎರಡೋ ಮೂರೋ ಮರಿ ಹುಟ್ಟುತ್ತವೆ, ಒಂದೊಂದೂ 6 ಸೆಂಟಿಮೀಟರ್ ಹತ್ತಿರ. ಸಾವಿರಗಟ್ಟಲೆ ಮೊಟ್ಟೆ ಇಡುವ ಮೀನಿಗೂ ಇದಕ್ಕೂ ಎಷ್ಟು ವ್ಯತ್ಯಾಸ ನೋಡು. ಇರುವ ಜಾಗವೂ ಚಿಕ್ಕದು. ದೋಣಿಗಳು ಎಳೆದುಕೊಂಡು ಹೋಗುವ ಟ್ರಾಲ್ ಬಲೆಗಳು ಅಷ್ಟು ಆಳಕ್ಕಿಳಿದು ಪದೇ ಪದೇ ಬಾಚಿದರೆ, ಕಳೆದುಕೊಂಡದ್ದನ್ನು ತುಂಬಿಕೊಳ್ಳಲು ಇದಕ್ಕೆ ಬಹಳ ಕಾಲ ಬೇಕು. ನಿನ್ನ ಪ್ರಾಜೆಕ್ಟ್‌ನಲ್ಲಿ ಬೆಳಕಿನ ಜೊತೆ ಇದನ್ನೂ ಬರಿ ಕಂದಾ.

ನಿನ್ನ ಅಮ್ಮ