ಎದೆ ಒತ್ತಲು ಧೈರ್ಯವೂ ಬೇಕು

ಸಂಪಾದಕರೇ,

ಕಾಸರಗೋಡಿನವರಿಗೆ ಏನಾದರೂ ಆದರೆ ಮಂಗಳೂರಿಗೆ ಓಡುವುದೇ ರೂಢಿ, ಸುಮಾರು 50 ಕಿ.ಮೀ. ದಾರಿ. ಆದರೆ ಹೃದಯ ನಿಂತರೆ ನಾಲ್ಕೈದು ನಿಮಿಷದಲ್ಲೇ ಮೆದುಳಿಗೆ ಪೆಟ್ಟು ಬೀಳತೊಡಗುತ್ತದೆ, ಹಾಗಾಗಿ ಜೀವ ಇರುವುದು ಹತ್ತಿರದ ಆಸ್ಪತ್ರೆಯ ನರ್ಸ್, ಅಟೆಂಡರ್ ಕೈಯಲ್ಲೇ ಅಲ್ವಾ? ಮೊನ್ನೆ ಇಲ್ಲಿನ ಒಂದು ಆಸ್ಪತ್ರೆಯಲ್ಲಿ ಪಕ್ಕದ ಬೆಡ್ಡಿನ ಅಜ್ಜ ಕುಸಿದಾಗ ಸಿಬ್ಬಂದಿ ಡಾಕ್ಟರ್ ಬರಲಿ ಎಂದು ಸುಮ್ನೆ ನಿಂತಿದ್ದರು. ಸಿಪಿಆರ್ (ಹೃದಯ ನಿಂತಾಗ ಎದೆ ಒತ್ತಿ ರಕ್ತ ಹರಿಸುವ ತುರ್ತು ಚಿಕಿತ್ಸೆ) ಗೊತ್ತಿಲ್ಲ ಅಂತಲ್ಲ, ಧೈರ್ಯ ಸಾಲಲಿಲ್ಲ. ನಿಮಿಷಕ್ಕೆ 100ರಿಂದ 120 ಸಲ, 5 ಸೆಂ.ಮೀ. ಆಳಕ್ಕೆ ಒತ್ತಬೇಕು ಎಂದು ಪರೀಕ್ಷೆಯಲ್ಲಿ ಬರೆದವರೂ ತರಬೇತಿಯ ಬೊಂಬೆಯ ಮೇಲೆ ಆಗಾಗ ಒತ್ತಿ ನೋಡದಿದ್ದರೆ ಕೆಲವೇ ತಿಂಗಳಲ್ಲಿ ಕೈ ತಪ್ಪುತ್ತದೆ. ಮೂರು ತಿಂಗಳಿಗೊಮ್ಮೆ ವಾರ್ಡಿನಲ್ಲೇ ಅರ್ಧ ಗಂಟೆ ಅಭ್ಯಾಸ ಮಾಡಿಸಲಿ, ಅಟೆಂಡರ್‌ಗಳನ್ನೂ ಸೇರಿಸಿ.

– ಓದುಗ, ಉಪ್ಪಳ