ವಾಟ್ ಏರಿಸುವ ಮೊದಲು ಕುರ್ಚಿ ಸರಿಸಿ

ಸಂಪಾದಕರಿಗೆ,

ಮಳೆಗಾಲಕ್ಕೆ ಬಯಲಾಟ ನಿಂತ ಮೇಲೆ ಶಿರಸಿ–ಸಿದ್ದಾಪುರದ ಕಡೆ ಮನೆಯಲ್ಲೇ ತಾಳಮದ್ದಳೆಯ (ವೇಷವಿಲ್ಲದ, ಹಾಡು–ಮಾತಿನ ಯಕ್ಷಗಾನ) ಧ್ವನಿಮುದ್ರಣ ಹಾಕಿಕೊಂಡು ಕೇಳುವವರಿದ್ದಾರೆ. ಪದ್ಯ ಕೇಳುತ್ತದೆ, ಅರ್ಥಧಾರಿಗಳ ಮಾತು ಮಾತ್ರ ಕಲಸುಮೇಲೋಗರ ಎಂದು ಹೊಸ ಸ್ಪೀಕರ್ ತರಲು ಹೊರಡುತ್ತಾರೆ. ತಪ್ಪು ಬಹುಪಾಲು ಸ್ಪೀಕರಿನದ್ದಲ್ಲ, ಟೈಲ್ಸ್ ನೆಲ, ಬರಿಗೋಡೆಯ ಕೋಣೆಯದ್ದು. ಅಂಥ ಕಡೆ ಹತ್ತಡಿ ದೂರ ಕೂತರೆ ಕಿವಿಗೆ ಬೀಳುವುದು ಗೋಡೆಗೆ ಬಡಿದು ಬಂದ ದನಿಯೇ ಜಾಸ್ತಿ. ದೂರ ಅರ್ಧಕ್ಕಿಳಿದರೆ ಸ್ಪೀಕರಿನಿಂದ ನೇರ ಬರುವ ದನಿ 6 ಡೆಸಿಬಲ್ (ದನಿಯ ಜೋರಿನ ಅಳತೆ) ಏರುತ್ತದೆ, ಗೋಡೆಯದ್ದು ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಸಾಧಾರಣ ಸ್ಪೀಕರ್ ಕೂಡ ಒಂದು ವಾಟ್‌ಗೆ ಒಂದು ಮೀಟರಿನಲ್ಲಿ 85 ಡೆಸಿಬಲ್ ಕೊಡುತ್ತದೆ, ಮಾತು ಕೇಳಲು ಅದೇ ಧಾರಾಳ. ಡಬ್ಬದ ಮೇಲೆ ಬರೆದ ಸಾವಿರಾರು ವಾಟ್ ಯಾರಿಗೆ ಬೇಕು?

ಎರಡು ಸ್ಪೀಕರಿನ ನಡುವೆ ಮೂರಡಿ, ಪ್ರತಿಯೊಂದರಿಂದ ತಲೆಗೂ ಮೂರಡಿ. ಟ್ವೀಟರ್ (ಪೆಟ್ಟಿಗೆಯಲ್ಲಿ ತಾರ ದನಿ ಹೊರಡಿಸುವ ಚಿಕ್ಕ ಭಾಗ) ಕಿವಿಯ ಮಟ್ಟಕ್ಕಿರಲಿ. ಮೇಜು ತಗ್ಗಿದ್ದರೆ ಮುಂಭಾಗದಡಿ ಮರದ ಚಕ್ಕೆ ಕೊಟ್ಟು ಮೇಲ್ಮುಖ ಮಾಡಿ. ಮೇಜಿನ ಹಲಗೆಯೂ ದನಿಯನ್ನು ತಿರುಗಿಸುತ್ತದೆ. ಅದು ಚೂರು ತಡವಾಗಿ ನೇರ ದನಿಗೆ ಸೇರಿದಾಗ ಮಾತು ಡಬ್ಬಿಯೊಳಗಿಂದ ಬಂದಂತಿರುತ್ತದೆ. ಹಲಗೆಯ ಮೇಲೆ ಕನ್ನಡಿ ಮಲಗಿಸಿ, ಕೂತಲ್ಲಿಂದ ನೋಡಿ: ಟ್ವೀಟರ್ ಕಂಡ ಜಾಗವೇ ಕಾಟದ ಜಾಗ. ಸ್ಪೀಕರನ್ನು ಮೇಜಿನ ಮುಂದಿನ ಅಂಚಿಗೆ ತಂದರೆ ಇದು ತಗ್ಗುತ್ತದೆ, ಬೇರೆ ಸ್ಟ್ಯಾಂಡಿನ ಮೇಲಿಟ್ಟರೆ ಇನ್ನೂ ಒಳ್ಳೆಯದು. ಟವೆಲ್ ಹಾಸಿದರೆ ತಾಳದ ಚುರುಕಷ್ಟೇ ಕಡಿಮೆಯಾದೀತು.

ಶೋಕೇಸಿನ ಗೂಡಿನಲ್ಲಿ ತುರುಕಿದರೆ ಮದ್ದಳೆ ಊದಿಕೊಳ್ಳುತ್ತದೆ, ಮಾತನ್ನೂ ಮುಚ್ಚುತ್ತದೆ. ಹಿಂದೆ ತೂತಿರುವ ಪೆಟ್ಟಿಗೆಯಾದರಂತೂ ಕೇಳುವುದೇ ಬೇಡ. ಜಾಗವಿಲ್ಲದಿದ್ದರೆ ತೂತಿಗೆ ಕಾಲುಚೀಲ ತುಂಬಿ. ಹಾಗೆಂದು ಗೋಡೆಯಿಂದ ಮೂರಡಿ ಮುಂದೆ ತರುವುದೂ ಸರಿಯಲ್ಲ: ಹಿಂದಿನ ಗೋಡೆಯಿಂದ ಮರಳಿದ ದನಿ 100 ಹರ್ಟ್ಸ್ ಸುಮಾರಿನ ಮಂದ್ರದಲ್ಲಿ ನೇರ ದನಿಯನ್ನೇ ತಿಂದುಹಾಕುತ್ತದೆ. ಗೋಡೆಗೆ ಅರ್ಧ ಅಡಿಯಲ್ಲಿಟ್ಟು, ಬೇಸ್ (ಮಂದ್ರ ದನಿ) ಸ್ವಲ್ಪ ಇಳಿಸುವುದು ಮೇಲು.

ಜೋಡಣೆ ಸರಿಯಿದೆಯೇ ನೋಡಲು ಮೊನೊ (ಎರಡೂ ಸ್ಪೀಕರಿಗೆ ಒಂದೇ ದನಿ ಹೋಗುವ) ಧ್ವನಿಮುದ್ರಣ ಹಾಕಿ. ಭಾಗವತರ ದನಿ ಎರಡು ಸ್ಪೀಕರಿನ ನಟ್ಟನಡುವೆ ನಿಲ್ಲಬೇಕು. ದನಿ ನೆಲೆಯಿಲ್ಲದೆ ಹರಡಿ ಮದ್ದಳೆ ಸೊರಗಿದ್ದರೆ, ಒಂದು ಕಡೆ ಕೆಂಪು–ಕಪ್ಪು ತಂತಿ ಅದಲುಬದಲಾಗಿದೆ ಎಂದೇ ಲೆಕ್ಕ.

ಕಾರವಾರ, ಅಂಕೋಲಾದ ಉಪ್ಪುಗಾಳಿಯಲ್ಲಿ ತಂತಿಯ ತುದಿ ಹಸಿರುಗಟ್ಟಿ ಒಂದು ಕಡೆ ಕರಕರ ಶುರುವಾಗುತ್ತದೆ. ಮಳೆಗಾಲ ಕಳೆದ ಮೇಲೆ ಅರ್ಧ ಇಂಚು ಕತ್ತರಿಸಿ, ಹೊಳೆಯುವ ತಾಮ್ರ ಬಿಡಿಸಿ, ಮತ್ತೆ ಬಿಗಿಯಿರಿ. ವೂಫರಿನ (ಮಂದ್ರ ದನಿ ಹೊರಡಿಸುವ ದೊಡ್ಡ ಭಾಗ) ಸುತ್ತಲ ಫೋಮ್ ಬಳೆ ಪುಡಿಯಾಗಿದ್ದರೆ ಬಳೆ ಮಾತ್ರ ಬದಲಿಸಲು ಬರುತ್ತದೆ, ಸ್ಪೀಕರ್ ಎಸೆಯಬೇಡಿ.

– ಓದುಗ, ಶಿರಸಿ