ಗೈಡ್ ಹೇಗಿದ್ದರು ಅಂತ ಹಳೆಯ ವಿದ್ಯಾರ್ಥಿಗಳನ್ನು ಕೇಳಿ

ಮಾನ್ಯರೇ,

ಘಟಿಕೋತ್ಸವದ ಮರುದಿನ ಪತ್ರಿಕೆ ತೆರೆದರೆ ಚಿನ್ನದ ಪದಕದ ಮಕ್ಕಳ ಫೋಟೊ ಇರುತ್ತದೆ, ಗೌರವ ಡಾಕ್ಟರೇಟ್ ಪಡೆದವರ ಫೋಟೊ ಇರುತ್ತದೆ. ಪಿಎಚ್.ಡಿ. ಪಡೆದವರು ಇಷ್ಟು ಮಂದಿ ಅಂತ ಒಂದು ಸಾಲು. ಅವರ ಸಂಶೋಧನೆಗೆ ದಾರಿ ತೋರಿಸಿದ ಗೈಡ್‌ಗಳ ಸುದ್ದಿಯೇ ಇಲ್ಲ.

ಗೈಡ್‌ಗಳಿಗೆ ಏನೂ ಸಿಗುವುದಿಲ್ಲ ಅಂತಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲಿ ತಂದ ನಿಯಮಾವಳಿಯಲ್ಲಿ ಒಬ್ಬ ವಿದ್ಯಾರ್ಥಿಗೆ ಪಿಎಚ್.ಡಿ. ಬಂದರೆ ಗೈಡ್‌ಗೆ 10 ಅಂಕ, ಪ್ರಬಂಧ ಸಲ್ಲಿಸಿದ್ದರೆ 5. ನೇಮಕಾತಿ, ಬಡ್ತಿಯ ಲೆಕ್ಕಕ್ಕೆ ಇದು ಬರುತ್ತದೆ. ಪ್ರತಿ ಅಧ್ಯಾಯವನ್ನೂ ಸಾಲು ಸಾಲಾಗಿ ಓದಿ ತಿದ್ದಿದವರಿಗೂ 10. ತಿಂಗಳುಗಟ್ಟಲೆ ಫೋನ್ ಎತ್ತದೆ ಕೊನೆಗೆ ಸರ್ಟಿಫಿಕೇಟ್ ಪುಟಕ್ಕೆ ಸೈನ್ ಹಾಕಿದವರಿಗೂ 10. ಬೇಸತ್ತು ಅರ್ಧಕ್ಕೆ ಬಿಟ್ಟುಹೋದ ವಿದ್ಯಾರ್ಥಿ ಈ ಲೆಕ್ಕದಲ್ಲಿ ಎಲ್ಲೂ ಇಲ್ಲ.

ನಾನು ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತಲೇ ಶಾಸನಗಳ ಮೇಲೆ ಪಿಎಚ್.ಡಿ. ಮಾಡಿದವಳು. ಬಿ.ಎಲ್. ರೈಸ್ ಕಲ್ಲಿನ ಶಾಸನಗಳನ್ನು ಓದಿಸಿ ಅಚ್ಚು ಹಾಕಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳು ಲೈಬ್ರರಿಯಲ್ಲೇ ಇದ್ದವು. ಅಲ್ಲಿಂದ ನಕಲು ಮಾಡಿಕೊಂಡರೆ ಸಾಕು ಅಂದುಕೊಂಡಿದ್ದೆ. 'ರೈಸ್ ಸಾಹೇಬರು ಓದಿದ್ದನ್ನು ಅವರೇ ಓದಿಯಾಗಿದೆಯಮ್ಮ, ನೀನು ಕಲ್ಲಿನ ಮುಂದೆ ಕೂತ್ಕೊ' ಅಂದರು ನನ್ನ ಗೈಡ್. ಅಂದವರೇ ಜೊತೆಗೂ ಬಂದರು. ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಬಡಿದು, ಮಸಿ ಹಚ್ಚಿ ಅಚ್ಚು ತೆಗೆಯುವುದನ್ನು ಹೊಲದ ಬದುವಿನ ಮೇಲೆ ನಿಂತು ಕಲಿಸಿದರು. ನಾನು ಬಸುರಿಯಾದಾಗ ಇನ್ನು ಬಿಟ್ಟುಬಿಡುತ್ತೇನೆ ಅಂದಿದ್ದೆ. ಮಹಿಳಾ ವಿದ್ಯಾರ್ಥಿಗಳಿಗೆ 240 ದಿನದವರೆಗೆ ರಜೆ ಇದೆ ಅನ್ನುವ ನಿಯಮ ತೋರಿಸಿ ಅರ್ಜಿ ಬರೆಸಿದವರೂ ಅವರೇ. ಆಫೀಸಿನವರು ಹೇಳಿರಲಿಲ್ಲ!

ನನ್ನ ಜೊತೆಗೇ ಸೇರಿದ ಗೆಳತಿಗೆ ಬೇರೆ ಗೈಡ್. ಅವರ ಮಗನನ್ನು ಟ್ಯೂಷನ್‌ಗೆ ಬಿಟ್ಟು ಬರುವುದು, ಕರೆಂಟ್ ಬಿಲ್ ಕಟ್ಟುವುದು ಅವಳ ಕೆಲಸವಾಯಿತು. ನನಗಿಂತ ಜಾಣೆ. ಪಿಎಚ್.ಡಿ. ಮುಗಿಸಲಿಲ್ಲ.

ಹೀಗಿರುವಾಗ ಯಾರು ಒಳ್ಳೆಯ ಗೈಡ್ ಅಂತ ತಿಳಿಯುವುದು ಹೇಗೆ? ಪ್ರಬಂಧದ ಕೃತಜ್ಞತೆಯ ಪುಟ ನೋಡಿ ಅಂತೂ ಅಲ್ಲ. ಅಲ್ಲಿ ಎಲ್ಲ ಗೈಡ್‌ಗಳೂ ಕರುಣಾಮಯಿಗಳೇ. ವೈವಾ, ಅಂದರೆ ಕೊನೆಯ ಮೌಖಿಕ ಪರೀಕ್ಷೆ, ಇನ್ನೂ ಆಗಿರುವುದಿಲ್ಲ, ಬೇರೆ ಏನು ಬರೆಯಲಿಕ್ಕಾಗುತ್ತದೆ? ಕುವೆಂಪು ತಮ್ಮ ಮಹಾಕಾವ್ಯವನ್ನು ಗುರು ಟಿ.ಎಸ್. ವೆಂಕಣ್ಣಯ್ಯನವರಿಗೆ ಅರ್ಪಿಸಿದ್ದು ಗುರುಗಳು ತೀರಿಕೊಂಡು ಎಷ್ಟೋ ವರ್ಷವಾದ ಮೇಲೆ. ಅವರಿಂದ ಆಗಬೇಕಾದ ಕೆಲಸ ಯಾವುದೂ ಬಾಕಿ ಇರಲಿಲ್ಲ. ಅಂಥ ಮಾತಿಗೆ ತೂಕ ಜಾಸ್ತಿ, ಅಲ್ವಾ?

ಅದಕ್ಕೇ ನನ್ನ ಸಲಹೆ ಇದು. ನಮ್ಮ ವಿಶ್ವವಿದ್ಯಾಲಯಗಳು ಒಳ್ಳೆಯ ಗೈಡ್‌ಗೆ ಪ್ರತಿ ವರ್ಷ ಒಂದು ಪ್ರಶಸ್ತಿ ಇಡಲಿ. ಹೆಸರು ಸೂಚಿಸುವವರು ಡಿಗ್ರಿ ಕೈಗೆ ಬಂದು ಕೆಲವು ವರ್ಷವಾದ ಹಳೆಯ ವಿದ್ಯಾರ್ಥಿಗಳಾಗಿರಲಿ. ಕುಲಪತಿಗಳೂ ಬೇಡ, ಸಹೋದ್ಯೋಗಿಗಳೂ ಬೇಡ. ಇದೇನೂ ಹೊಸದಲ್ಲ. 'ನೇಚರ್' ವಿಜ್ಞಾನ ಪತ್ರಿಕೆ 2005ರಿಂದ ಇಂಥ ಪ್ರಶಸ್ತಿ ಕೊಡುತ್ತಿದೆ. ಬೇರೆ ಬೇರೆ ಕಾಲದಲ್ಲಿ ಕಲಿತ ಶಿಷ್ಯರ ಮಾತನ್ನು ಅಲ್ಲಿ ಕೇಳುತ್ತಾರೆ. ನಮ್ಮಲ್ಲಿ ಇನ್ನೊಂದನ್ನೂ ಸೇರಿಸಬೇಕು: ಬಿಟ್ಟುಹೋದವರನ್ನೂ ಕರೆದು ಕೇಳಬೇಕು. ಯುಜಿಸಿಯ 2022ರ ನಿಯಮದಂತೆ ಒಬ್ಬ ಪ್ರಾಧ್ಯಾಪಕರ ಬಳಿ ಒಮ್ಮೆಗೆ ಇರಬಹುದಾದವರು 8 ಮಂದಿ. ಇಷ್ಟು ಜನರ ದಾಖಲೆ ಇಡುವುದು, ಒಂದು ಫೋನ್ ಮಾಡುವುದು ದೊಡ್ಡ ಕೆಲಸವಲ್ಲ.

ಶಿಷ್ಯರು ಗುರುಗಳಿಗೆ ಅಂಕ ಹಾಕುವುದಾ ಅಂತ ಕೆಲವರು ಮೂಗು ಮುರಿಯಬಹುದು. ಮುರಿಯಲಿ ಬಿಡಿ.

ಪ್ರಶಸ್ತಿ ಅಂತ ಶಾಲು, ಹಾರ, ಹಣ್ಣಿನ ಬುಟ್ಟಿ ಮಾತ್ರ ಬೇಡ. ವೈವಾ ದಿನ ವಿದ್ಯಾರ್ಥಿಗಳ ಖರ್ಚಿನಲ್ಲೇ ಅವು ಬೇಕಾದಷ್ಟು ಸಿಗುತ್ತವೆ. ಒಂದಿಷ್ಟು ಹಣ ಕೊಟ್ಟು, ಅದನ್ನು ಆ ಗೈಡ್ ಹತ್ತಿರ ಈಗ ಕಲಿಯುತ್ತಿರುವವರ ಕ್ಷೇತ್ರಕಾರ್ಯಕ್ಕೆ ಅಂತ ಮೀಸಲಿಡಲಿ. ಫೆಲೋಶಿಪ್ ಇಲ್ಲದವರಿಗೆ ಬಸ್ ಚಾರ್ಜು, ಜೆರಾಕ್ಸ್ ಖರ್ಚಾದರೂ ಹುಟ್ಟುತ್ತದೆ.

— ಕನ್ನಡ ಉಪನ್ಯಾಸಕಿ, ದಾವಣಗೆರೆ